ಹಳೆಯ ಕಾರಿಗೆ ಬಿಳಿ ಬಲ್ಬು: ನಾನು ಸುಟ್ಟುಕೊಂಡದ್ದು ಹೀಗೆ

ಹೆಡ್‌ಲೈಟ್ ಮಂಕಾಯಿತೆಂದು ಪುಣೆಯಲ್ಲಿ ಗಾಡಿಯ ಬಿಡಿಭಾಗ ಮಾರುವ ನಾನಾ ಪೇಠೆಯ ಕಡೆ ಹೊರಟಿದ್ದೀರಾದರೆ ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. 700 ರೂಪಾಯಿಯ ಬಲ್ಬು ತಂದೆ, ಅದರ ಏಳು ಪಟ್ಟು ಬೆಲೆಯ ವೈರಿಂಗ್ ಸುಟ್ಟುಕೊಂಡೆ, ಎಪ್ಪತ್ತೆರಡು ವರ್ಷದ ಅವ್ವನನ್ನು ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಘಾಟಿನ ಅಂಚಿನಲ್ಲಿ ಕೂರಿಸಿದೆ.

ನಮ್ಮದು 2007ರ ಸಣ್ಣ ಕಾರು. ಮನೆ ಪುಣೆಯ ಧನಕವಡಿಯಲ್ಲಿ, ಊರು ಗೋಕಾಕದ ಹತ್ತಿರ. ವರ್ಷಕ್ಕೆ ಐದಾರು ಸಲ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಹೋಗಿ ಬರುವುದು ರೂಢಿ. 2022ರಲ್ಲಿ ಕಾರಿಗೆ ಹದಿನೈದು ತುಂಬಿತು. ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡ ಖುಷಿಯಲ್ಲಿ, ಇನ್ನು ಇದಕ್ಕೆ ಒಂದಿಷ್ಟು ಸಿಂಗಾರ ಮಾಡೋಣ ಎನಿಸಿತು. ಎದುರಿಗೆ ಬರುವ ಹೊಸ ಕಾರುಗಳೆಲ್ಲ ಹಾಲು ಚೆಲ್ಲಿದಂತೆ ಬೆಳಕು ಚೆಲ್ಲುತ್ತವೆ. ನಮ್ಮದು ದೇವರ ಮನೆಯ ದೀಪದಂತೆ ಹಳದಿ. ನಾಗರ ಪಂಚಮಿಗೆ ಊರಿಗೆ ಹೋಗುವ ಮೊದಲು ಬದಲಿಸಿಬಿಡಬೇಕು ಎಂದು ಹೊರಟೆ.

ಅಂಗಡಿಯ ಹೆಸರು ಬೇಡ. ಆ ಸಾಲಿನಲ್ಲಿ ಅಂಥವು ಹತ್ತಾರಿವೆ. ಹುಡುಗ ನೀಲಿ ಗಾಜಿನ ಒಂದು ಜೋಡಿ ಬಲ್ಬು ತೆಗೆದು ಮುಂದಿಟ್ಟ. ಡಬ್ಬಿಯ ಮೇಲೆ ದೊಡ್ಡದಾಗಿ 'ಸೂಪರ್ ವೈಟ್', ಅದರ ಕೆಳಗೆ '6000 ಕೆಲ್ವಿನ್', ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ '100/90 ವಾಟ್'. ನಾನು ದೊಡ್ಡಕ್ಷರವನ್ನಷ್ಟೇ ಓದಿದೆ. "ಏಕದಮ್ ಪಾಂಢರಾ, ಕಾಕಾ" (ಅಪ್ಪಟ ಬಿಳಿ, ಚಿಕ್ಕಪ್ಪಾ) ಎಂದ. ಕಾಕಾ ಎನಿಸಿಕೊಂಡ ಬೇಸರದಲ್ಲೇ ಹೂಂ ಎಂದುಬಿಟ್ಟೆ. ಅವನು ವಡಾಪಾವ್ ಹಿಡಿದಿದ್ದ ಬೆರಳುಗಳಲ್ಲೇ ಗಾಜು ಹಿಡಿದು ಹತ್ತು ನಿಮಿಷದಲ್ಲಿ ಎರಡನ್ನೂ ಕೂರಿಸಿದ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಅಂಟಿದ ಜಾಗ ವಿಪರೀತ ಕಾದು ಬಲ್ಬು ಬೇಗ ಹೋಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿರಬೇಕಿತ್ತು.

ಆ ರಾತ್ರಿ ಸೊಸೈಟಿಯ ಗೇಟಿನ ಮುಂದೆ ದೀಪ ಹಾಕಿದಾಗ ಗೋಡೆ ಬೆಳ್ಳಗೆ ಹೊಳೆಯಿತು. ನಾನು ಕೆಳಗಿಳಿದು ಕಾರಿನ ಮುಖ ನೋಡಿಕೊಂಡು ಬಂದೆ. ಆದರೆ ಎರಡು ದಿನ ಬಿಟ್ಟು ಮಳೆಯಲ್ಲಿ ಕಾತ್ರಜ್ ಕಡೆ ಹೋದಾಗ ವಿಚಿತ್ರವೆನಿಸಿತು. ದೀಪ ಬಿಳಿ, ರಸ್ತೆ ಕಪ್ಪು, ನಡುವೆ ಏನೂ ಕಾಣದು. ಹಳದಿ ಬೆಳಕಿನಲ್ಲಿ ಕಾಣುತ್ತಿದ್ದ ಗುಂಡಿಗಳೂ ನೀರಿನಡಿ ಮಾಯ. ಕಣ್ಣಿಗೆ ಹೊಸ ಬೆಳಕು ಒಗ್ಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಊರಿಗೆ ಹೊರಟ ದಿನ ಆಫೀಸು ಮುಗಿಸಿ ಪುಣೆ ಬಿಡುವಾಗಲೇ ಒಂಬತ್ತಾಗಿತ್ತು. ಶಿರವಳ ದಾಟುವವರೆಗೆ ಎಲ್ಲ ಸರಿ. ಆಗ ಸಾತಾರಾ ಕಡೆ ಹೋಗುವವರು ಖಂಬಾಟಕಿ ಘಾಟ್ ಹತ್ತಿಯೇ ಹೋಗಬೇಕಿತ್ತು. ಸುರಂಗ ಇದ್ದದ್ದು ಪುಣೆ ಕಡೆ ಬರುವವರಿಗೆ. ಎರಡನೆಯ ತಿರುವಿನಲ್ಲಿ ಎಡಗಡೆಯ ದೀಪ ಒಮ್ಮೆ ಕಣ್ಣು ಹೊಡೆಯಿತು. ಹಿಂದಿನ ಸೀಟಿನಿಂದ ಅವ್ವ, "ಏನೋ ಸುಟ್ಟ ವಾಸನೆ ಬರುತ್ತಿದೆ, ಯಾರೋ ಟೈರು ಸುಡುತ್ತಿದ್ದಾರೇನೋ" ಎಂದಳು. ಮಳೆಯಲ್ಲಿ ಯಾರು ಟೈರು ಸುಡುತ್ತಾರೆ? ವಾಸನೆ ಬರುತ್ತಿದ್ದುದು ಸ್ಟೀರಿಂಗಿನ ಕೆಳಗಿನಿಂದ. ದೀಪವನ್ನು ತಗ್ಗಿಸಿ ಏರಿಸುವ ಡಿಪ್ಪರ್ ಸ್ವಿಚ್ಚಿಗೆ ಕೈ ಹಾಕಿದರೆ ಅದರ ಬುಡ ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿ. ಎಡದೀಪ ಪೂರ್ತಿ ಹೋಯಿತು. ಇನ್ನೊಂದು ತಿರುವು ಮುಗಿಯುವಷ್ಟರಲ್ಲಿ ಬಲದ್ದೂ ಹೋಯಿತು.

ಘಾಟಿನಲ್ಲಿ, ಮಳೆಯಲ್ಲಿ, ಹಿಂದೆ ಲಾರಿಗಳ ಸಾಲು ಇರುವಾಗ ಎರಡೂ ದೀಪ ಆರುವುದು ಹೇಗಿರುತ್ತದೆ ಎಂದು ವಿವರಿಸಲಾರೆ. ಪಾರ್ಕಿಂಗ್ ಬಲ್ಬಿನ ಮಿಣುಕಿನಲ್ಲಿ ಬಂಡೆಯ ಕಡೆಯ ಅಂಚಿಗೆ ಒತ್ತಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿದೆ. ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು.

ನಿಲ್ಲಿಸಿ ಬಂದವನು ಗದಗಿನ ಕೆಎ 26 ನಂಬರಿನ ಲಾರಿಯ ಚಾಲಕ. ನಮ್ಮ ಮಾತು ಕೇಳಿಯೇ, "ಯಾವ ಊರಣ್ಣಾ? ಅವ್ವನನ್ನು ಮೊದಲು ನನ್ನ ಕ್ಯಾಬಿನ್ನಿನಲ್ಲಿ ಕೂರಿಸು" ಎಂದ. ಮೊಬೈಲಿನ ಬೆಳಕಿನಲ್ಲಿ ಬಾನೆಟ್ ಎತ್ತಿ ನೋಡಿದರೆ, ಎಡ ಬಲ್ಬಿನ ಹಿಂದೆ ವೈರನ್ನು ಸಿಕ್ಕಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿ ಬಲ್ಬಿನ ಮೂರು ಪಿನ್ನುಗಳಿಗೆ ಮೇಣದಂತೆ ಅಂಟಿಕೊಂಡಿತ್ತು. ಬಿಳಿ ಪ್ಲಾಸ್ಟಿಕ್ಕು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬಲದ ಕಪ್ಲರ್ ಕಂದಾಗಿತ್ತು, ಕರಗಿರಲಿಲ್ಲ. ಹಳೆಯ ಬಲ್ಬುಗಳನ್ನು ನಾನು ಎಸೆಯದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟಿದ್ದೆ; ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಏಕೈಕ ಬುದ್ಧಿವಂತಿಕೆ ಅದು. ಎಡದ ವೈರನ್ನು ಕತ್ತರಿಸಿ ಟೇಪು ಸುತ್ತಿ, ಬಲಕ್ಕೆ ಹಳೆಯ ಬಲ್ಬು ಹಾಕಿದ. ಲೋ ಬೀಮ್, ಎಂದರೆ ಹತ್ತಿರದ ರಸ್ತೆಗೆ ಬೀಳುವ ತಗ್ಗಿನ ಬೆಳಕು, ಬರಲಿಲ್ಲ; ದೂರಕ್ಕೆ ಹೊಡೆಯುವ ಹೈ ಬೀಮ್ ಬಂತು. "ನನ್ನ ಹಿಂದೆಯೇ ಬಾ" ಎಂದ. ಒಂಟಿಗಣ್ಣಿನ ನನ್ನ ಹೈ ಬೀಮ್ ಅವನ ಕನ್ನಡಿಗೆ ಹೊಡೆಯುತ್ತಿತ್ತು. ಕೈ ಹೊರಗೆ ಚಾಚಿ ಕನ್ನಡಿಯನ್ನೇ ತಿರುಗಿಸಿಕೊಂಡ. ಹಾಗೆ ಘಾಟ್ ಇಳಿದು, ಸುರೂರಿನ ಹತ್ತಿರದ ಢಾಬಾದಲ್ಲಿ ಬೆಳಗಾಗುವವರೆಗೆ ಕುಳಿತೆವು. ಚಹಾದ ದುಡ್ಡನ್ನೂ ಅವನು ಕೊಡಗೊಡಲಿಲ್ಲ.

ಪುಣೆಗೆ ಮರಳಿದ ಮೇಲೆ ಕಾರನ್ನು ಒಪ್ಪಿಸಿದ್ದು ಕಾತ್ರಜ್ ಬಳಿಯ ಒಬ್ಬ ಎಲೆಕ್ಟ್ರಿಷಿಯನ್ ಕೈಗೆ. ಇಂಡಿ ತಾಲ್ಲೂಕಿನವರು, ಮೂವತ್ತು ವರ್ಷದಿಂದ ವೈರಿಂಗ್ ಒಂದನ್ನೇ ಮಾಡಿಕೊಂಡಿರುವವರು. ಬೈಯುತ್ತಾರೆಂದುಕೊಂಡಿದ್ದೆ. ನೀಲಿ ಬಲ್ಬನ್ನು ಬೆಳಕಿಗೆ ಹಿಡಿದು, "ಸಾಹೇಬರೇ, ನೀವು ದುಡ್ಡು ಕೊಟ್ಟದ್ದು ಬಣ್ಣಕ್ಕೆ" ಎಂದರು, ಅಷ್ಟೇ.

ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣದ ಲೆಕ್ಕ, ಪ್ರಮಾಣದ್ದಲ್ಲ. ಸಾಮಾನ್ಯ ಹ್ಯಾಲೊಜನ್ ಸುಮಾರು 3200 ಕೆಲ್ವಿನ್; ಅದರ ಬೆಳಕಿನಲ್ಲಿ ಹಳದಿ, ಕೆಂಪುಗಳದೇ ಹೆಚ್ಚು ಪಾಲು. ನೀಲಿ ಲೇಪ ಮಾಡುವುದೇನೆಂದರೆ, ಆ ಹಳದಿ ಕೆಂಪನ್ನು ಗಾಜಿನೊಳಗೇ ತಡೆದು ಉಳಿದದ್ದನ್ನು ಹೊರಬಿಡುವುದು. ಅಂದರೆ ಬೆಳಕು ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ವಾಟ್ ಏರಿಸುತ್ತಾರೆ. ರಸ್ತೆಗೆ ಬೀಳುವುದು ಹೆಚ್ಚುಕಡಿಮೆ ಮೊದಲಿನಷ್ಟೇ, ವೈರಿಗೆ ಬೀಳುವ ಭಾರ ಮಾತ್ರ ಹೊಸದು.

ನನ್ನ ಕಾರಿನಲ್ಲಿರುವಂಥ, ಎರಡೂ ಬೀಮ್ ಒಂದರಲ್ಲೇ ಇರುವ ಎಚ್4 ಬಲ್ಬಿನ ಸರಿಯಾದ ಅಳತೆ 60/55 ವಾಟ್, ಹೈ ಬೀಮಿಗೆ 60, ಲೋ ಬೀಮಿಗೆ 55. ಲೋ ಬೀಮಿನಲ್ಲಿ 55ರ ಜಾಗದಲ್ಲಿ 90 ಎಂದರೆ ಕರೆಂಟು 1.6 ಪಟ್ಟು. ಆದರೆ ಸಡಿಲವಾದ, ಕಿಲುಬು ಹಿಡಿದ ಪಿನ್ನಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಎಂದರೆ ಎರಡೂವರೆ ಪಟ್ಟಿಗೂ ಹೆಚ್ಚು. ದೀಪದ ಕರೆಂಟನ್ನು ಸ್ವಿಚ್ಚಿನ ಬದಲು ತಾನೇ ಹಾಯಿಸುವ ರಿಲೇ ನನ್ನ ಕಾರಿನಲ್ಲಿ ಇರಲಿಲ್ಲ. ಎರಡೂ ದೀಪದ ಪೂರ್ತಿ ಕರೆಂಟು, ಸುಮಾರು 15 ಆಂಪಿಯರ್, ಸ್ಟೀರಿಂಗಿನ ಬಳಿಯ ಆ ಸಣ್ಣ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತಿತ್ತು. ಹಾಗಾದರೆ ಫ್ಯೂಸ್ ಯಾಕೆ ಹೋಗಲಿಲ್ಲ? ನನಗೂ ಕಾಡಿದ ಪ್ರಶ್ನೆ ಇದು. ಪ್ರತಿ ದೀಪಕ್ಕೂ ಬೇರೆಯದೇ 15 ಆಂಪಿಯರ್ ಫ್ಯೂಸ್ ಇತ್ತು, ಪ್ರತಿ ದೀಪ ಎಳೆಯುತ್ತಿದ್ದುದು ಏಳೆಂಟು ಆಂಪಿಯರ್. ಫ್ಯೂಸಿನ ಲೆಕ್ಕದಲ್ಲಿ ಏನೂ ತಪ್ಪು ನಡೆದಿರಲಿಲ್ಲ. ಕಪ್ಲರ್ ಕರಗುವುದನ್ನು ಅದು ಸುಮ್ಮನೆ ನೋಡುತ್ತ ಕುಳಿತಿತ್ತು.

ನಾಚಿಕೆಯಾದದ್ದು ಆಮೇಲೆ. ಅವರು ಮೀಟರ್ ಹಿಡಿದು, ಬಲಗಡೆ ಹಳೆಯ 60/55 ಬಲ್ಬು ಉರಿಯುತ್ತಿರುವಾಗ ಅಳೆದು ತೋರಿಸಿದರು: ಬ್ಯಾಟರಿಯ ತುದಿಯಲ್ಲಿ 13.8 ವೋಲ್ಟ್, ಬಲ್ಬಿನ ತುದಿಯಲ್ಲಿ 11.9. ಹದಿನೈದು ವರ್ಷದ ವೈರು, ತುಕ್ಕು ಹಿಡಿದ ಅರ್ಥಿಂಗ್, ಸವೆದ ಸ್ವಿಚ್ಚು ಸೇರಿ ಸುಮಾರು ಎರಡು ವೋಲ್ಟ್ ತಿಂದುಹಾಕಿದ್ದವು. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಧೊಪ್ಪನೆ ಬೀಳುತ್ತದೆ; ಹತ್ತು ಶೇಕಡಾ ವೋಲ್ಟೇಜು ಹೋದರೆ ಮೂವತ್ತು ಶೇಕಡಾ ಬೆಳಕು ಹೋಯಿತೆಂದೇ ಲೆಕ್ಕ. ನನ್ನ ಬಲ್ಬು ಮಂಕಾಗಿರಲೇ ಇಲ್ಲ, ಅದಕ್ಕೆ ಹೊಟ್ಟೆಗೆ ಸಿಗುತ್ತಿರಲಿಲ್ಲ. ಹಸಿದವನಿಗೆ ಹೊಸ ಅಂಗಿ ಹೊಲಿಸಿದ ಹಾಗಾಯಿತು ನಾನು ಮಾಡಿದ್ದು.

ಇಷ್ಟಾದರೂ ಬುದ್ಧಿ ಬಂತೇ? ಬರಲಿಲ್ಲ. ಸುಟ್ಟ ಬಲ್ಬು ಹಿಡಿದು ಅಂಗಡಿಗೆ ಹೋದೆ. "ಗಾಡಿ ಜುನಿ ಆಹೆ ನಾ" ಎಂದರು ಮಾಲೀಕರು, ತಪ್ಪೆಲ್ಲ ಗಾಡಿಯ ವಯಸ್ಸಿನದು ಎಂಬಂತೆ. ದುಡ್ಡು ವಾಪಸು ಕೊಡುವುದಿಲ್ಲ, ಬದಲಿಗೆ ಒಂದಿಷ್ಟು ಸೇರಿಸಿದರೆ ಎಲ್‌ಇಡಿ ಕೊಡುತ್ತೇನೆ, ವಾಟ್ ಕಡಿಮೆ, ವೈರು ಸುಡುವುದಿಲ್ಲ ಎಂದರು. ವೈರಿನ ಮಾತು ನಿಜವೇ. ನಾನು ಮತ್ತೆ ಬಿದ್ದೆ.

ವೈರಿಂಗ್ ರಿಪೇರಿ ಮುಗಿದ ಸಂಜೆ ಅದನ್ನು ಹಾಕಿ, ಸೊಸೈಟಿಯ ಹಿಂದಿನ ಗೋಡೆಗೆ ಬೆಳಕು ಬಿಟ್ಟೆ. ಮೇಲಿನ ಮನೆಯ ಬಾಲ್ಕನಿಯಿಂದ ಒಬ್ಬ ಆಜಿ ಕಣ್ಣಿಗೆ ಸೆರಗು ಅಡ್ಡ ಹಿಡಿದು ನನ್ನನ್ನು ಬೈಯತೊಡಗಿದರು. ಅವರು ಇದ್ದದ್ದು ಎರಡನೆಯ ಮಹಡಿಯಲ್ಲಿ. ಲೋ ಬೀಮ್ ಅಲ್ಲಿಗೆ ಹೋಗಬೇಕೇ?

ಕಾರಣ ಆ ಹಳೆಯ ಬಲ್ಬಿನೊಳಗೇ ಇತ್ತು. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ: ಉರಿಯುವ ಎರಡು ತಂತಿಗಳಿರುತ್ತವೆ, ಮುಂದಿನ ತಂತಿಯ ಕೆಳಗೆ ಉದ್ಧರಣೆಯ ಬಾಯಿಯಷ್ಟು ಚಿಕ್ಕ ಲೋಹದ ಬಟ್ಟಲು. ಲೋ ಬೀಮಿನ ಬೆಳಕು ಕೆಳಗಿನ ಅರ್ಧ ಪ್ರತಿಫಲಕಕ್ಕೆ ಬೀಳದಂತೆ ತಡೆಯುವುದು ಆ ಬಟ್ಟಲು. ಅದರಿಂದಲೇ ಗೋಡೆಯ ಮೇಲೆ ಮೇಲ್ಭಾಗ ಕತ್ತಲೆ, ಕೆಳಭಾಗ ಬೆಳಕು ಎಂಬ ಸ್ಪಷ್ಟ ಗೆರೆ ಮೂಡುತ್ತದೆ; ನಾವು ಎಡಗಡೆ ಓಡಿಸುವವರಾದ್ದರಿಂದ ಗೆರೆ ಎಡಕ್ಕೆ 15 ಡಿಗ್ರಿ ಮೇಲೇರುತ್ತದೆ. ಪ್ರತಿಫಲಕವನ್ನು ರೂಪಿಸಿರುವುದೇ ಆ ತಂತಿ ಇರುವ ಬಿಂದುವಿಗೆ, ಕೂದಲೆಳೆಯ ಲೆಕ್ಕದಲ್ಲಿ. ನನ್ನ ಎಲ್‌ಇಡಿಯಲ್ಲಿ ತಂತಿಯ ಜಾಗದಲ್ಲಿ ದಪ್ಪ ಪಟ್ಟಿಯ ಎರಡೂ ಬದಿಗೆ ಬೆಳಕು ಬೀರುವ ಚಿಪ್‌ಗಳಿದ್ದವು. ಗೆರೆಯೂ ಇಲ್ಲ, ಗುರಿಯೂ ಇಲ್ಲ. ಮಳೆಯಲ್ಲಿ ಮೇಲಕ್ಕೆ ಹಾರಿದ ಬೆಳಕೆಲ್ಲ ಹನಿಗಳಿಗೆ ಬಡಿದು ನನ್ನ ಕಣ್ಣಿಗೇ ವಾಪಸು ಬಂತು. ಮಾರನೆಯ ರಾತ್ರಿ ಸಿಂಹಗಡ ರಸ್ತೆಯಲ್ಲಿ ಎದುರಿನ ಸ್ಕೂಟರಿನವನು ಬ್ರೇಕ್ ಹಾಕಿ, ಒಂದು ಕಾಲು ಊರಿ, ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟ. ಅವನ ಹಿಂದೆ ಒಂದು ಪುಟ್ಟ ಮಗು ಕುಳಿತಿತ್ತು. ಮನೆಗೆ ಬಂದವನೇ ಕಿತ್ತೆ. ಜೊತೆಗೆ, ದೀಪ ಹಾಕಿದಾಗಲೆಲ್ಲ ರೇಡಿಯೊ ಕರಕರ ಎನ್ನುತ್ತಿದ್ದುದೂ ನಿಂತಿತು.

ಕಾನೂನಿನ ಮಾತೂ ಇದೆ. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ ಎನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ತಿದ್ದುಪಡಿಯ ನಂತರ ಹಾಗೆ ಮಾಡಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲೂ ಆಗಬಹುದು. ಮಾರುವವರಿಗೆ ಈ ಚಿಂತೆಯೇ ಇಲ್ಲ; ಡಬ್ಬಿಯ ಮೇಲೆ 'ರಸ್ತೆಯಲ್ಲದ ಬಳಕೆಗೆ' ಎಂದು ಮುದ್ರಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ.

ಕೊನೆಗೆ ಮಾಡಿಸಿದ್ದು ಇಷ್ಟು. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಮೇತ ದಪ್ಪ ವೈರು, ಎರಡು ರಿಲೇ, ಪಿಂಗಾಣಿಯ ಕಪ್ಲರ್, ಹೊಸ ಡಿಪ್ಪರ್ ಸ್ವಿಚ್ಚು, ಉಜ್ಜಿ ಸರಿಮಾಡಿದ ಅರ್ಥಿಂಗ್. ರಿಲೇಗೆ ಸನ್ನೆ ಕೊಡುವುದಷ್ಟೇ ಈಗ ಸ್ವಿಚ್ಚಿನ ಕೆಲಸವಾದ್ದರಿಂದ ಹೊಸತು ಬಹುಕಾಲ ಬಾಳುತ್ತದೆ ಎಂದರು. ಬಿಸಿಲಿಗೆ ಹಳದಿಯಾದ ಮುಂಭಾಗದ ಪ್ಲಾಸ್ಟಿಕ್ಕನ್ನು ನೀರು ಹಾಕಿ ಉಜ್ಜುವ ಮರಳುಕಾಗದದಿಂದ ಹಂತಹಂತವಾಗಿ ತಿಕ್ಕಿ, ಮೇಲೆ ಬಿಸಿಲು ತಡೆಯುವ ಲೇಪ ಹಚ್ಚಿದರು. ಟೂತ್‌ಪೇಸ್ಟಿನಿಂದ ತಿಕ್ಕುವುದನ್ನು ನಾನೂ ಮಾಡಿ ನೋಡಿದ್ದೆ. ಲೇಪವಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಬಲ್ಬು ಮಾತ್ರ ಅದೇ ಸಾದಾ 60/55. ಹತ್ತು ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಗೆರೆ ದೀಪದ ಎತ್ತರಕ್ಕಿಂತ ಒಂದು ಗೇಣಿನ ಅರ್ಧದಷ್ಟು ಕೆಳಗೆ ಬರುವಂತೆ ತಿರುಪು ಹೊಂದಿಸಿಕೊಟ್ಟರು. ಈಗ ಬಲ್ಬಿನ ತುದಿಯಲ್ಲಿ 13.4 ವೋಲ್ಟ್. ಒಟ್ಟು ಖರ್ಚು 4,900.

ನೀಲಿ ಬಲ್ಬಿನಲ್ಲಿ ಒಂದು ಇನ್ನೂ ಸರಿಯಾಗಿತ್ತು. ಕೆಳಮನೆಯ ಹುಡುಗ ತನ್ನ ಅಪ್ಪನ ಹಳೆಯ ಕಾರಿಗೆ ಬೇಕೆಂದು ಎರಡು ಸಲ ಕೇಳಿದ. ಕೊಡಲಿಲ್ಲ. ಕಸಕ್ಕೆ ಹಾಕಿದರೆ ಆರಿಸಿಕೊಂಡಾನು ಎಂದು ದಪ್ಪ ಗೋಣಿತಟ್ಟಿನಲ್ಲಿ ಸುತ್ತಿ, ಅವನ ಕಣ್ಣೆದುರಿಗೇ ಸುತ್ತಿಗೆಯಿಂದ ಒಡೆದುಹಾಕಿದೆ.