ಸಿಂಗಪುರದಿಂದ ನ್ಯೂಯಾರ್ಕಿಗೆ: ನೇರ ವಿಮಾನವೋ, ಫ್ರಾಂಕ್‌ಫರ್ಟಿನ ದಾರಿಯೋ

ಸಿಂಗಪುರದ ಚಾಂಗಿ ನಿಲ್ದಾಣದಿಂದ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ ನಾನು ಎರಡು ಬಗೆಯಲ್ಲಿ ಹೋಗಿದ್ದೇನೆ: ಒಮ್ಮೆ ಎಲ್ಲಿಯೂ ಇಳಿಯದ ನೇರ ವಿಮಾನದಲ್ಲಿ, ಇನ್ನೊಮ್ಮೆ ಫ್ರಾಂಕ್‌ಫರ್ಟಿನಲ್ಲಿ ಸುಮಾರು ಎರಡು ಗಂಟೆ ನಿಲ್ಲುವ ವಿಮಾನದಲ್ಲಿ. ಎರಡೂ ಸಿಂಗಪುರ್ ಏರ್‌ಲೈನ್ಸ್‌ನವು. ಮೊದಲನೆಯದು ಹದಿನೆಂಟೂವರೆ ಗಂಟೆಯಲ್ಲಿ ಮುಟ್ಟಿಸಿತು. ಎರಡನೆಯದಕ್ಕೆ 23 ಗಂಟೆಗೂ ತುಸು ಹೆಚ್ಚು ಹಿಡಿಯಿತು. ಬೇಸಿಗೆಯಲ್ಲಿ ಎರಡು ನಗರಗಳ ಸಮಯದ ಅಂತರ ಸರಿಯಾಗಿ 12 ಗಂಟೆಯಾದ್ದರಿಂದ, ಕೈಗಡಿಯಾರದ ಮುಳ್ಳನ್ನು ತಿರುಗಿಸದೆಯೇ ಈ ಲೆಕ್ಕ ಸಿಕ್ಕಿತು.

ಐದು ಗಂಟೆಯ ಈ ವ್ಯತ್ಯಾಸಕ್ಕೆ ದಾರಿಯ ಉದ್ದವೇ ಕಾರಣವೆಂದು ನಾನು ಮೊದಲು ಭಾವಿಸಿದ್ದೆ. ಗೋಲದ ಮೇಲೆ ದಾರವಿಟ್ಟು ಅಳೆದರೆ ಚಾಂಗಿಗೂ ಜೆಎಫ್‌ಕೆಗೂ ನಡುವಿನ ಅತಿ ಹತ್ತಿರದ ದಾರಿ ಸುಮಾರು 15,300 ಕಿಲೋಮೀಟರ್. ಎರಡು ನಗರಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರಿನ ರೇಖಾಂಶಗಳಲ್ಲಿರುವುದರಿಂದ ಆ ದಾರ ಉತ್ತರ ಧ್ರುವದ ಸಮೀಪದಲ್ಲೇ ಹಾಯುತ್ತದೆ. ಫ್ರಾಂಕ್‌ಫರ್ಟಿನ ಮೂಲಕವಾದರೆ ಸುಮಾರು 16,500 ಕಿಲೋಮೀಟರ್. ಆದರೆ ನಾನು ಕುಳಿತಿದ್ದ ನೇರ ವಿಮಾನ ಧ್ರುವದತ್ತ ಹೋಗಲೇ ಇಲ್ಲ. ಪರದೆಯ ನಕ್ಷೆಯಲ್ಲಿ ಅದು ಜಪಾನಿನ ಪಕ್ಕದಿಂದ ಪೆಸಿಫಿಕ್ ಸಾಗರಕ್ಕಿಳಿದು, ಅಲಾಸ್ಕಾದ ಕಡೆಯಿಂದ ಅಮೆರಿಕವನ್ನು ಪ್ರವೇಶಿಸಿತು. ಹೀಗೆ ಅದು ಕ್ರಮಿಸಿದ ದೂರವೂ 16,000 ಕಿಲೋಮೀಟರನ್ನು ಮೀರಿತ್ತು. ಅಂದರೆ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಗಾಳಿಯಲ್ಲಿತ್ತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಪೆಸಿಫಿಕ್ ದಾರಿಯಲ್ಲಿ ವಿಮಾನವನ್ನು ಹಿಂದಿನಿಂದ ದೂಡುತ್ತದೆ. ಯುರೋಪಿನ ದಾರಿಯಲ್ಲಿ ಅದೇ ಗಾಳಿ ಎದುರಾಗುತ್ತದೆ. ಇದರ ಮೇಲೆ ನಿಲುಗಡೆಯ ಎರಡು ಗಂಟೆ, ಇನ್ನೊಮ್ಮೆ ಇಳಿದು ಏರುವ ಹೊತ್ತು ಸೇರುತ್ತವೆ.

ನೇರ ಹಾರಾಟದ ಏರ್‌ಬಸ್ ಎ350-900 ಯುಎಲ್‌ಆರ್ ವಿಮಾನ 1,65,000 ಲೀಟರ್ ಇಂಧನ ತುಂಬಿಸಿಕೊಳ್ಳಬಲ್ಲದು. ಅಷ್ಟು ಭಾರ ಹೊರಬೇಕಾದುದರಿಂದ ಅದರಲ್ಲಿ ಇರುವುದು 161 ಆಸನಗಳು ಮಾತ್ರ, ಎಕಾನಮಿ ದರ್ಜೆ ಇಲ್ಲವೇ ಇಲ್ಲ. ಇದೇ ಸಂಸ್ಥೆ 2004ರಲ್ಲಿ ನಾಲ್ಕು ಎಂಜಿನ್‌ಗಳ ಎ340-500ರಲ್ಲಿ ನ್ಯೂಯಾರ್ಕ್ ಪ್ರದೇಶದ ನೂವರ್ಕಿಗೆ ಆರಂಭಿಸಿದ್ದ ನೇರ ಸೇವೆ 2013ರಲ್ಲಿ ನಿಂತುಹೋಗಿ, ಈ ಹೊಸ ವಿಮಾನ ಬಂದ ಮೇಲೆ 2018ರಲ್ಲಷ್ಟೇ ಮರಳಿತು. ಕಡಿಮೆ ದರದ ಆಸನ ಬೇಕೆನ್ನುವವರಿಗೆ ಫ್ರಾಂಕ್‌ಫರ್ಟಿನ ದಾರಿಯೇ ಗತಿ.

ದೇಹಕ್ಕೆ ಯಾವುದು ಹಿತ ಎಂಬುದು ಗಡಿಯಾರದಿಂದ ತಿಳಿಯುವುದಿಲ್ಲ. ನೇರ ವಿಮಾನದಲ್ಲಿ ನಾನು ಏಳು ಗಂಟೆ ಒಂದೇ ಸಮನೆ ನಿದ್ರಿಸಿದೆ, ಆದರೆ ಹದಿನಾಲ್ಕನೆಯ ಗಂಟೆಯ ಹೊತ್ತಿಗೆ ಪಾದಗಳು ಊದಿಕೊಂಡಿದ್ದವು. ಫ್ರಾಂಕ್‌ಫರ್ಟಿನಲ್ಲಿ ಎಲ್ಲರೂ ಇಳಿದು, ಮತ್ತೆ ಭದ್ರತಾ ತಪಾಸಣೆ ಮುಗಿಸಿ, ಅದೇ ವಿಮಾನವನ್ನು ಹತ್ತಬೇಕು. ನಸುಕಿನಲ್ಲಿ ನಿದ್ದೆ ಕೆಡುವುದು ನಿಜ. ಕಾಲಾಡಿಸಿದ ಸುಖವೂ ಅಷ್ಟೇ ನಿಜ.

ಹೋಗುವಾಗ ನಾನು ಹಿಂಜರಿಯದೆ ನೇರ ವಿಮಾನವನ್ನೇ ಆರಿಸುತ್ತೇನೆ. ಮರಳುವಾಗ ಮಾತ್ರ ಲೆಕ್ಕ ಬೇರೆ: ಯುರೋಪಿನ ದಾರಿಯಲ್ಲಿ ಆಗ ಗಾಳಿ ಬೆನ್ನಿಗಿರುವುದರಿಂದ ಫ್ರಾಂಕ್‌ಫರ್ಟಿನ ಮೂಲಕ ಸುಮಾರು 22 ಗಂಟೆ ಸಾಕು, ನೇರ ವಿಮಾನಕ್ಕಾದರೋ 19ರ ಆಸುಪಾಸು. ಆ ಮೂರು ಗಂಟೆಯನ್ನು ಕೊಟ್ಟು ನಡುವೆ ಒಮ್ಮೆ ನೆಲ ಮುಟ್ಟಿ ಬರುವುದೇ ನನಗೆ ಒಪ್ಪಿಗೆ.