ಕುವೆಂಪುನಗರದ ಅರ್ನಿಸ್ ಕ್ಲಾಸು: ನಲವತ್ತೆಂಟರ ಮಂಡಿಗೂ ಆಗುತ್ತೆ

ಟೆರೇಸು, ಮೇಲೆ ಶೀಟ್ ಛಾವಣಿ, ಮೂಲೆಯಲ್ಲಿ ಬೆತ್ತಗಳ ಬಕೆಟ್ಟು. ಇಷ್ಟೇ ಕ್ಲಾಸು. ಕಲಿಸೋದು ಫಿಲಿಪ್ಪೀನ್ಸಿನ ಸಮರಕಲೆ ಅರ್ನಿಸ್. ಕಾಳಿ, ಎಸ್ಕ್ರಿಮಾ ಅಂತಲೂ ಅಂತಾರೆ. 2009ರಲ್ಲಿ ಆ ದೇಶ ಇದನ್ನ ಕಾನೂನು ಮಾಡಿ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿತು.

ಇಲ್ಲಿ ಶುರುವಿನಲ್ಲೇ ಕೈಗೆ ಆಯುಧ: ಸುಮಾರು 28 ಇಂಚಿನ ಬೆತ್ತ. ಅದು ಕತ್ತಿಯ ಜಾಗದಲ್ಲಿರೋದು ಅನ್ನೋದನ್ನ ಮೇಷ್ಟ್ರು ಮರೆಯೋಕೆ ಬಿಡಲ್ಲ. "ಮೇಡಂ, ಅಂಚು ಯಾವ ಕಡೆ?" ಅಂತ ಕೇಳ್ತಾನೇ ಇರ್ತಾರೆ. ಹೊಡೆತ ಬರೋ ಕೋನಕ್ಕೆ ನಂಬರು ಇದೆ. ಬೆತ್ತವಾಗಲಿ, ಚಾಕುವಾಗಲಿ, ಬರಿಗೈಯಾಗಲಿ, ಅದೇ ಲೆಕ್ಕ. ಗುರಿ ಮೊದಲು ತಲೆಯಲ್ಲ, ಆಯುಧ ಹಿಡಿದ ಕೈ. ನನಗೆ ಹಿಡಿಸಿದ್ದು ಸಿನವಾಲಿ. ಎರಡೂ ಕೈಗೆ ಬೆತ್ತ, ಎದುರಿಗೆ ಜೊತೆಗಾರ, ನೋಡೋಕೆ ಕೋಲಾಟವೇ. ಎಡಗೈಗೂ ಬುದ್ಧಿ ಬರುತ್ತೆ.

ಗರಡಿ, ವಜ್ರಮುಷ್ಟಿಯ ಊರಲ್ಲಿ ಇದ್ಯಾಕೆ ಅಂದ್ರು ನಮ್ಮ ಭಾವ. ಬ್ಯಾಂಕ್ ಮುಗಿಸಿ ಏಳು ಗಂಟೆಗೆ ಬರೋ ಹೆಂಗಸನ್ನ ಸೇರಿಸಿಕೊಳ್ಳೋ ಗರಡಿ ತೋರಿಸಿ ಅಂದೆ. ಸುಮ್ಮನಾದ್ರು.

ತಕರಾರೂ ಇದೆ. ಕಣ್ಣಿಗೆ ಕನ್ನಡಕ ಹಾಕಲೇಬೇಕು ಅನ್ನೋ ನಿಯಮ ಇಲ್ಲ. ಸೀಳಿದ ಬೆತ್ತದ ಚೂರು ಹಾರುತ್ತೆ ಸ್ವಾಮಿ, ನಿಯಮ ಮಾಡಿ. ಅಲ್ಯುಮಿನಿಯಂ ಅಭ್ಯಾಸದ ಚಾಕುಗಳು ಸಾಲಲ್ಲ, ಸರದಿ ಕಾಯಬೇಕು. ಸ್ಕೂಟರ್ ನಿಲ್ಲಿಸೋಕೆ ಜಾಗ ಹುಡುಕಬೇಕು.

ತಿಂಗಳಿಗೆ 1,500 ರೂಪಾಯಿ, ಬೆತ್ತ ಬೇರೆ. ಆತ್ಮರಕ್ಷಣೆ ಒಂದೇ ತಿಂಗಳಲ್ಲಿ ಬೇಕು ಅನ್ನೋರಿಗೆ ಇದು ಬೇಡ. ಉಳಿದವರು ಒಂದು ಸಂಜೆ ಹೋಗಿ ನೋಡಿ, ಅದಕ್ಕೆ ದುಡ್ಡಿಲ್ಲ.