ಕೋಲಾರದ ಮರೆವಿನ ತಪಾಸಣೆ: ನಡಿಗೆ ನೋಡ್ತಾರೆ, ಮಾತ್ರೆ ಡಬ್ಬಿ ನೋಡಲ್ಲ

ಕೋಲಾರ ಪೇಟೆಯ ಈ ನರರೋಗ ಕ್ಲಿನಿಕ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. "ಇವತ್ತು ಯಾವ ವಾರ?" ಅಂತ ಕೇಳಿ ಎಂಆರ್‌ಐ ಚೀಟಿ ಕೈಗಿಡುವ ಜಾಗ ಇದಲ್ಲ, ಮುಕ್ಕಾಲು ಗಂಟೆ ಕೂರಿಸಿ ನೋಡ್ತಾರೆ.

ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳ್ತಾರೆ. ಬರದಿದ್ದರೆ "ಅದೊಂದು ತರಕಾರಿ" ಅಂತ ಸುಳಿವು. ಸುಳಿವಿಗೆ ನೆನಪಾದರೆ ಪದ ತಲೆಯಲ್ಲಿದೆ, ಹುಡುಕೋದು ತಡವಾಗ್ತಿದೆ. ಸುಳಿವಿಗೂ ಬರದಿದ್ದರೆ ಉಳಿದೇ ಇಲ್ಲ. ಆಲ್ಝೈಮರ್ ಅನುಮಾನ ಹುಟ್ಟೋದು ಇಲ್ಲಿ. ಅಕ್ಷರ ಬಾರದ ಅಜ್ಜಿಗೆ ಗಡಿಯಾರದ ಚಿತ್ರ ಬಿಡಿಸುವ ಪರೀಕ್ಷೆ ಕೊಡಲ್ಲ. ಮುಷ್ಟಿ, ಕೈಯಂಚು, ಅಂಗೈ ಈ ಕ್ರಮದಲ್ಲಿ ಮೇಜು ತಟ್ಟಿಸ್ತಾರೆ. ಕೈ ಮುಷ್ಟಿಯಲ್ಲೇ ಸಿಕ್ಕಿಕೊಂಡರೆ ಮೆದುಳಿನ ಮುಂಭಾಗದ ಮೇಲೆ ಕಣ್ಣು.

ಸೊಸೆಯನ್ನು ಬೇರೆ ಕೂರಿಸಿ ಕೇಳೋದು ಇನ್ನೂ ಚೆನ್ನ. ಎಸರು ಕುದಿಯೋ ಮುಂಚೆಯೇ ಹಿಟ್ಟೆಲ್ಲ ಸುರೀತಾರಾ? ಸಂಜೆ ಹೊತ್ತು ಮನೆಯಲ್ಲಿ ಇಲ್ಲದ ಮಕ್ಕಳು ಕಾಣಿಸ್ತಾರಾ? ನಲವತ್ತು ವರ್ಷ ಮುದ್ದೆ ಕಟ್ಟಿದ ಕೈ ಕ್ರಮ ತಪ್ಪೋದು, ಕನ್ನಡಕ ಎಲ್ಲಿಟ್ಟೆ ಅನ್ನೋ ಮರೆವಲ್ಲ. ಹಾಗಾಗಿ ಬೆಂಗಳೂರಿಂದ ಬಂದ ಮಗನಿಗಿಂತ ಜೊತೆಯಲ್ಲೇ ಇರುವವರನ್ನು ಕರ್ಕೊಂಡು ಹೋಗಿ.

ಆಮೇಲೆ ವರಾಂಡದಲ್ಲಿ ನಡೆಸ್ತಾರೆ. ಪಾದ ನೆಲಕ್ಕೆ ಅಂಟಿದ ಹಾಗೆ, ಕಾಲು ಅಗಲಿಸಿ, ತಿರುಗೋಕೆ ಏಳೆಂಟು ಹೆಜ್ಜೆ, ಜೊತೆಗೆ ಮೂತ್ರ ತಡೆಯೋಕಾಗಲ್ಲ ಅಂದರೆ ಮೆದುಳಲ್ಲಿ ನೀರು ತುಂಬಿರಬಹುದು. ಅದಕ್ಕೆ ಶಂಟ್ ಇದೆ, ಅಂದರೆ ಆ ನೀರನ್ನು ಮೆದುಳಿಂದ ಹರಿಸಿ ಬಿಡುವ ಕೊಳವೆ. "ವಯಸ್ಸಾಯ್ತು" ಅಂತ ಬಿಟ್ಟರೆ ಆ ಅವಕಾಶ ಹೋಯಿತು.

ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಮೊದಲೇ ಬರೀತಾರೆ. ಒಂದು ಅಂಕ ಕಳೆದದ್ದು ಮಾತ್ರೆಗೆ. ನಿದ್ದೆಗೆ ಆಲ್ಪ್ರಜೋಲಾಮ್, ನೆಗಡಿಗೆ ಕ್ಲೋರ್‌ಫೆನಿರಮಿನ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಮೂರೂ ವಯಸ್ಸಾದವರ ತಲೆ ಮಂಕು ಮಾಡ್ತವೆ. ಇಲ್ಲಿ ಅದನ್ನು ಕೇಳೋದೇ ಇಲ್ಲ. ಡಬ್ಬಿ ಸಮೇತ ಒಯ್ದು ನೀವೇ ಮುಂದಿಡಿ. ಮನೆಯಲ್ಲಿ ತಾವಾಗೇ ನಿಲ್ಲಿಸಬೇಡಿ. ಆಲ್ಪ್ರಜೋಲಾಮ್ ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು. ಕಿವಿ ಮಿಷನ್ನೂ ಇರಲಿ, ಕೇಳಿಸದ ಪದ ನೆನಪಲ್ಲಿ ಉಳಿಯೋದು ಹೇಗೆ?

ಫೀಸು ಭಾರ ಅನ್ನಿಸಿದರೆ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಎರಡೇ ದಿನದಲ್ಲಿ ಗಲಿಬಿಲಿ ಶುರುವಾಗಿದ್ದರೆ ಮಾತ್ರ ಈ ಕ್ಲಿನಿಕ್‌ನಲ್ಲಿ ಟೋಕನ್‌ಗೆ ಕಾಯಬೇಡಿ. ಅದು ಮೂತ್ರದ ಸೋಂಕೋ, ಬಿದ್ದ ಪೆಟ್ಟಿಗೆ ತಲೆಯೊಳಗೆ ಕಟ್ಟಿದ ರಕ್ತವೋ ಇರಬಹುದು, ನೇರ ಎಮರ್ಜೆನ್ಸಿಗೆ ಹೋಗಿ.